ಕಸೂತಿ ಹವ್ಯಾಸವನ್ನು ಆನ್‌ಲೈನ್ ಅಂಗಡಿ ಮಾಡಬೇಕು ಅಂತಿದ್ದೇನೆ: ಬ್ಲೌಸ್ ಮಾರಲಾ, ಕಿಟ್ ಮಾರಲಾ?

ಗಾವಂತಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಕಸೂತಿ ನನಗೆ ಕಲಿಸಿದವರು ನಮ್ಮ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ, ಒಂದು ಮಧ್ಯಾಹ್ನ ಊಟ ಆದಮೇಲೆ ಹಳೇ ಇಳಕಲ್ ಸೀರೆಯ ತುಂಡೊಂದನ್ನು ಕೈಗೆ ಕೊಟ್ಟು, "ಪೆನ್ಸಿಲ್ ಮುಟ್ಟಬ್ಯಾಡ, ಎಳಿ ಎಣಸು" ಅಂದರು. ಅದಾಗಿ ಹದಿನಾಲ್ಕು ವರ್ಷ. ಈಗ ಗಾವಂತಿ, ಮುರಗಿ, ನೇಗಿ, ಮೆಂತ್ಯ ನಾಲ್ಕೂ ಥರದ ಹೊಲಿಗೆ ಹಾಕುತ್ತೇನೆ. ಗಾವಂತಿ ಅಂದರೆ ಜಾಸ್ತಿ ಪ್ರೀತಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಎಲ್ಲೂ ಗಂಟು ಹಾಕುವಂತಿಲ್ಲ. ಬಟ್ಟೆ ತಿರುಗಿಸಿದರೂ ಅದೇ ಗೋಪುರ, ಅದೇ ತೇರು ಕಾಣಬೇಕು. ಒಂದೇ ಒಂದು ಎಳೆ ತಪ್ಪಿ ಎಣಿಸಿದರೂ ಗೋಪುರದ ಎರಡು ಪಕ್ಕಗಳು ತುದಿಯಲ್ಲಿ ಬಂದು ಕೂಡುವುದಿಲ್ಲ.

ಎರಡು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕಿ ಬ್ಲೌಸ್ ಪೀಸ್, ದುಪಟ್ಟಾ ಮಾರುತ್ತಿದ್ದೇನೆ. ಕಳೆದ ದಸರಾದ ಹೊತ್ತಿಗೆ ಒಂದು ಬ್ಲೌಸ್ ಆರ್ಡರ್ ಬಂತು. ಈ ಸಲ ಗಂಟೆ ಬರೆದಿಡೋಣ ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ದಿನಾ ಗುರುತು ಹಾಕಿದೆ. ಒಟ್ಟು 40 ಗಂಟೆ ಆಯಿತು. ಕೊಟ್ಟಿದ್ದು 1,800 ರೂಪಾಯಿಗೆ. ಬಟ್ಟೆ, ದಾರ ಸೇರಿ 350 ಖರ್ಚು. ಉಳಿದ 1,450ನ್ನು 40ರಿಂದ ಭಾಗಿಸಿದರೆ ಗಂಟೆಗೆ 36 ರೂಪಾಯಿ. ಗಿರಾಕಿಯದು ತಪ್ಪು ಅಂತ ಹೇಳುತ್ತಿಲ್ಲ, 1,800 ಅವರಿಗೂ ಸಣ್ಣ ದುಡ್ಡಲ್ಲ.

ದುಡ್ಡಿಗಿಂತ ಜಾಸ್ತಿ ಬೇಜಾರು ಇನ್ನೊಂದು ವಿಷಯಕ್ಕೆ. ಬಂದವರೆಲ್ಲ ಅದೇ ನವಿಲು, ಅದೇ ಆನೆ ಅಂಬಾರಿ ಕೇಳುತ್ತಾರೆ. ತಾರೀಖು ಹತ್ತಿರ ಬಂದಂತೆ ಸೂಜಿ ಹಿಡಿಯೋಕೆ ಮನಸ್ಸೇ ಬರುವುದಿಲ್ಲ. ಕಳೆದ ವರ್ಷ ನನಗೋಸ್ಕರ ಒಂದು ಚೌಕ ಕೂಡ ಹಾಕಿಕೊಂಡಿಲ್ಲ.

ಇದರ ಜೊತೆಗೆ ಮೆಸೇಜ್‌ನಲ್ಲಿ ದಿನಾ ಇನ್ನೊಂದು ಥರದ ಪ್ರಶ್ನೆ ಬರುತ್ತೆ. "ಈ ದಾರ ಎಲ್ಲಿ ಸಿಗುತ್ತೆ?" "ಯಾವ ಬಟ್ಟೆ ತಗೋಬೇಕು?" "ಗ್ರಾಫ್ ಇದೆಯಾ?" ಕೇಳುವವರು ಬ್ಲೌಸ್ ಕೊಳ್ಳುವವರಲ್ಲ, ಕಲಿಯುವ ಆಸೆ ಇರುವವರು. ಅವರಿಗೆ ಬಟ್ಟೆ, ದಾರ, ಸೂಜಿ, ಗ್ರಾಫ್ (ಚೌಕದ ಹಾಳೆಯ ಮೇಲೆ ಬರೆದ ಚಿತ್ತಾರ) ಎಲ್ಲ ಸೇರಿಸಿ ಒಂದು ಕಿಟ್ ಮಾಡಿ ಮಾರಿದರೆ ಹೇಗೆ? ಇದು ವ್ಯಾಪಾರ ಆಗುತ್ತಾ? ಹವ್ಯಾಸದಿಂದ ಅಂಗಡಿ ಮಾಡಿದವರು ದಯವಿಟ್ಟು ಹೇಳಿ.

ಸೂಜಿದಾರ, ಮೈಸೂರು

ಅಕ್ಕ, ನಾನು ಕ್ರೋಶೆ ಹಾಕುತ್ತಿದ್ದವಳು. ಈಗ ನೂಲು ಮಾರುತ್ತೇನೆ, ಐದು ವರ್ಷ ಆಯಿತು. ನೀವು ಹೇಳಿದ ಗಂಟೆಯ ಲೆಕ್ಕ ಓದಿ ನನ್ನದೇ ಡೈರಿ ಓದಿದ ಹಾಗಾಯಿತು. ಮಗುವಿನ ಸ್ವೆಟರ್ ಮಾರಿ ನನಗೂ ಗಂಟೆಗೆ ನಲವತ್ತು ದಾಟುತ್ತಿರಲಿಲ್ಲ.

ಕಿಟ್ ಮಾಡಿ, ಖಂಡಿತ ಮಾಡಿ. ಆದರೆ ಒಂದೇ ಒಂದು ಕಿಟ್‌ನಿಂದ ಶುರು ಮಾಡಿ. ನಾನು ಮೊದಲ ಸಲ ಉತ್ಸಾಹದಲ್ಲಿ 40 ಬಣ್ಣದ ನೂಲು ತರಿಸಿದೆ. ಆರು ಬಣ್ಣ ಓಡಿತು. ಉಳಿದದ್ದು ಎರಡು ವರ್ಷ ಮಂಚದ ಕೆಳಗೆ ಇತ್ತು, ನನ್ನ ದುಡ್ಡೂ ಅಲ್ಲೇ ಇತ್ತು. ಆಮೇಲೆ ಓಡಿದ ಬಣ್ಣವನ್ನು ಮತ್ತೆ ತರಿಸಿದರೆ ಅದೇ ನಂಬರ್, ಆದರೆ ಬೇರೆ ಲಾಟ್, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು. ಪಕ್ಕಪಕ್ಕ ಇಟ್ಟರೆ ಒಂಚೂರು ಬೇರೆ ಕಾಣುತ್ತೆ. ಅರ್ಧ ಶಾಲು ಹಾಕಿದ ಗಿರಾಕಿ ಎರಡನೇ ಲಡಿ ತರಿಸಿಕೊಂಡು ಅತ್ತುಬಿಟ್ಟಿದ್ದರು. ಆಗಿನಿಂದ ಲಾಟ್ ನಂಬರ್ ಪುಸ್ತಕದಲ್ಲಿ ಬರೆದಿಡುತ್ತೇನೆ. ಯಾರಿಗೆ ಯಾವ ಲಾಟ್ ಹೋಯಿತು ಅಂತ ಹೇಳಬಲ್ಲೆ.

ಇನ್ನೊಂದು ಮಾತು. ದಾರದ ಲಡಿ ಯಾವ ಅಂಗಡಿಯಲ್ಲೂ ಸಿಗುತ್ತೆ. ನಿಮ್ಮ ಹತ್ತಿರ ಮಾತ್ರ ಸಿಗುವುದು ಯಾವುದು ಅಂತ ಯೋಚಿಸಿ. ನನ್ನ ಪ್ರಕಾರ ಅದು ಗ್ರಾಫ್ ಮತ್ತು ನಿಮ್ಮ ಅತ್ತೆಯವರ ಎಣಿಕೆ.

ನಿಬ್ಬು, ಶಿವಮೊಗ್ಗ

ನನ್ನದು ಶಾಯಿ ಪೆನ್ನಿನ ವ್ಯಾಪಾರ. ಕಸೂತಿಗೂ ಅದಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು, ಆದರೆ ದಾರಿ ಒಂದೇ.

ಪೆನ್ನು ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ ನನಗಿಂತ ಕಡಿಮೆ ಬೆಲೆಗೆ ಸಿಗುತ್ತೆ. ಆದರೂ ಜನ ನನ್ನ ಹತ್ತಿರ ಬರುತ್ತಾರೆ. ಯಾಕೆ ಅಂದರೆ ನಾನು ಪ್ರತಿ ಪೆನ್ನನ್ನೂ ಶಾಯಿಯಲ್ಲಿ ಅದ್ದಿ ಬರೆದು ನೋಡಿ ಕಳಿಸುತ್ತೇನೆ. ನಿಬ್ಬಿನ ಎರಡು ಹಲ್ಲು ಸಮ ಇಲ್ಲದಿದ್ದರೆ ಕಾಗದ ಕೆರೆಯುತ್ತೆ. ಭೂತಗನ್ನಡಿ ಹಿಡಿದು ಸರಿ ಮಾಡಿ, ಬರೆದು ನೋಡಿದ ಚೀಟಿಯನ್ನೇ ಪೆಟ್ಟಿಗೆಯೊಳಗೆ ಇಡುತ್ತೇನೆ. ಆ ಚೀಟಿಯ ಫೋಟೋವನ್ನು ಗಿರಾಕಿಗಳು ತಾವೇ ಹಾಕಿಕೊಳ್ಳುತ್ತಾರೆ. ಜಾಹೀರಾತಿಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ.

ನೀವು ಹೀಗೆ ಮಾಡಬಹುದು. ಪ್ರತಿ ಕಿಟ್‌ನ ಬಟ್ಟೆಯ ಮೇಲೆ ಮೊದಲ ನಾಲ್ಕು ಹೊಲಿಗೆ ನೀವೇ ಹಾಕಿ ಕಳಿಸಿ. ಎಲ್ಲಿಂದ ಶುರು ಮಾಡಬೇಕು ಅನ್ನುವ ಭಯ ಹೋಗುತ್ತೆ. ಕೊಂಡವರಿಗೆ ಯಾರೋ ಕೈ ಹಿಡಿದು ಕೂರಿಸಿದ ಹಾಗಿರುತ್ತೆ.

ಹಳೇ ಚಂದ್ರಕಾಳಿ, ಹುಬ್ಬಳ್ಳಿ

ನನಗೆ ಈಗ 71. ಮೂವತ್ತು ವರ್ಷ ಹೊಲಿಗೆ ತರಗತಿ ನಡೆಸಿದ್ದೇನೆ. ಒಂದು ಮಾತು ನೇರವಾಗಿ ಹೇಳುತ್ತೇನೆ, ತಪ್ಪು ತಿಳೀಬೇಡವ್ವಾ.

ಕಸೂತಿ ಪೊಟ್ಟಣದಲ್ಲಿ ಮಾರುವ ಸಾಮಾನಲ್ಲ. ಈಗಾಗಲೇ ಮಷಿನ್‌ನಲ್ಲಿ ಹಾಕಿದ್ದನ್ನು, ಬರೀ ಅಚ್ಚು ಒತ್ತಿದ್ದನ್ನು ಕಸೂತಿ ಅಂತ ಮಾರುತ್ತಿದ್ದಾರೆ. 2006ರಲ್ಲಿ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ, ಅಂದರೆ ಇದು ಈ ಪ್ರದೇಶದ್ದೇ ಅನ್ನುವ ಮಾನ್ಯತೆ, ಸಿಕ್ಕಿದಾಗ ನಾವೆಲ್ಲ ಖುಷಿಪಟ್ಟಿದ್ದೆವು. ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ಅದು ನೋಂದಣಿಯಾಗಿದೆ. ಅಷ್ಟಾದರೂ ಹಳ್ಳಿಯಲ್ಲಿ ಕೂತು ಕಣ್ಣು ಸವೆಸುವ ಹೆಣ್ಣುಮಕ್ಕಳ ಕೂಲಿ ಅಂಥದ್ದೇನೂ ಏರಲಿಲ್ಲ. ನೀನು ಕಿಟ್ ಮಾರಿದರೆ ಪಟ್ಟಣದವರು ಒಂದು ಭಾನುವಾರ ಆಡಿ ಬಿಡುತ್ತಾರೆ. ಆ ಹೆಣ್ಣುಮಕ್ಕಳಿಗೆ ಏನು ಬಂತು?

ಗಾವಂತಿ, ಧಾರವಾಡ

ಅಮ್ಮಾರ, ನೀವು ಹೇಳಿದ್ದನ್ನು ಎರಡು ದಿನ ಯೋಚಿಸಿದೆ. ನಮ್ಮ ಅತ್ತೆಗೂ ಓದಿ ಹೇಳಿದೆ.

ನನಗೆ ಅನ್ನಿಸುವುದು ಇಷ್ಟು. ಇವತ್ತು ಬ್ಲೌಸ್‌ಗೆ 1,800 ಕೊಡುವವರು 5,000 ಯಾಕೆ ಕೊಡುವುದಿಲ್ಲ ಅಂದರೆ, ಅದರಲ್ಲಿ ಏನು ಕೆಲಸ ಇದೆ ಅಂತ ಅವರಿಗೆ ಗೊತ್ತಿಲ್ಲ. ಒಂದು ಅಂಗೈ ಅಗಲದ ಗೋಪುರ ಹಾಕಲು ತಾವೇ ಆರು ಗಂಟೆ ಕೂತವರು ಮುಂದೆ ಯಾವತ್ತೂ "ಇಷ್ಟಕ್ಕೆ ಇಷ್ಟೊಂದಾ?" ಅಂತ ಕೇಳಲಾರರು. ನನ್ನ ಹತ್ತಿರ ಚೌಕಾಸಿ ಮಾಡದೆ ಕೊಂಡ ಮೂವರಲ್ಲಿ ಇಬ್ಬರು ತಾವೂ ಸೂಜಿ ಹಿಡಿದವರೇ.

ಕೂಲಿಯ ಮಾತು ಮಾತ್ರ ನಿಜ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಿಬ್ಬು ಅವರು ಹೇಳಿದ ಮೊದಲ ನಾಲ್ಕು ಹೊಲಿಗೆಯನ್ನು ನಮ್ಮ ಓಣಿಯ ಇಬ್ಬರಿಂದ ಹಾಕಿಸಿ, ಗಂಟೆಯ ಲೆಕ್ಕದಲ್ಲೇ ಕೊಡಬೇಕು ಅಂತಿದ್ದೇನೆ. ತುಂಡಿನ ಲೆಕ್ಕ ಬೇಡ.

ಈಗ ಒಂದು ತಪ್ಪಿನ ಕಥೆ. ಪ್ರಯೋಗಕ್ಕೆ ಐದು ಕಿಟ್ ಮಾಡಿ ಗೆಳತಿಯರಿಗೆ ಕೊಟ್ಟಿದ್ದೆ. ಎಳೆ ಎಣಿಸಲು ಸುಲಭವಾದ ಬಿಳಿ ಮ್ಯಾಟಿ ಬಟ್ಟೆ, ಕೆಂಪು ದಾರ. ಸಗಟು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಹೆಸರಿಲ್ಲದ ದಾರ. ಒಬ್ಬಳು ಹತ್ತು ದಿನ ಕೂತು ತುಳಸಿಕಟ್ಟೆ ಮುಗಿಸಿ, ಒಗೆದು ಒಣಹಾಕಿದಳು. ಫೋಟೋ ಕಳಿಸಿದಳು. ಕಟ್ಟೆಯ ಸುತ್ತ ಪೂರ್ತಿ ಗುಲಾಬಿ ಕಲೆ. ಅವಳು ಏನೂ ಅನ್ನಲಿಲ್ಲ, "ಇರಲಿ ಬಿಡು" ಅಂದಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಯಾವ ದಾರ ತಂದರೂ ಒಂದು ಗೇಣು ಕತ್ತರಿಸಿ, ಬಿಸಿ ನೀರಲ್ಲಿ ನೆನೆಸಿ, ಬಿಳಿ ಬಟ್ಟೆಯ ಮಡಿಕೆಯೊಳಗೆ ಇಟ್ಟು ಇಸ್ತ್ರಿ ಒತ್ತುತ್ತೇನೆ. ಬಟ್ಟೆ ಬಿಚ್ಚಿದಾಗ ಗೆರೆ ಮೂಡಿದ್ದರೆ ಆ ಲಡಿ ಕಿಟ್‌ಗೆ ಹೋಗುವುದಿಲ್ಲ. ಕೆಂಪು ಮತ್ತು ಕಡುನೇರಳೆಯಲ್ಲೇ ಈ ಕಾಟ ಜಾಸ್ತಿ. ಅವಳಿಗೆ ಹೊಸ ಕಿಟ್ ಕೊಟ್ಟೆ, ಆದರೆ ಹತ್ತು ದಿನ ವಾಪಸ್ ಕೊಡಲು ಆಗುವುದಿಲ್ಲವಲ್ಲ.

ಸೂಜಿದಾರ, ಮೈಸೂರು

ಇಸ್ತ್ರಿಯ ಉಪಾಯ ತುಂಬಾ ಚೆನ್ನಾಗಿದೆ. ನಾನೂ ಇವತ್ತಿನಿಂದ ಮಾಡುತ್ತೇನೆ.

ಕಿಟ್‌ನ ಖರ್ಚು ಎಷ್ಟು ಬಿತ್ತು ಅಕ್ಕ?

ಗಾವಂತಿ, ಧಾರವಾಡ

ಎಂಟು ಇಂಚು ಚೌಕದ ಬಟ್ಟೆಗೆ 25. ಆರೆಳೆಯ ಒಳ್ಳೆ ದಾರ, 8 ಮೀಟರಿನ ಲಡಿ ಮೂರು, ಅದಕ್ಕೆ 45. ಮೊಂಡು ಮೂತಿಯ ಸೂಜಿ 5. ಗ್ರಾಫ್ ಮತ್ತು ವಿವರಣೆ ಮುದ್ರಣ 12. ರಟ್ಟಿನ ಲಕೋಟೆ 18. ಒಟ್ಟು 105. ಮೊದಲ ಹೊಲಿಗೆ, ಕತ್ತರಿಸುವುದು, ಕಟ್ಟುವುದು ಎಲ್ಲ ಸೇರಿ ಒಂದಕ್ಕೆ ಇಪ್ಪತ್ತು ನಿಮಿಷ. ಗಂಟೆಗೆ 150ರಂತೆ ಕೂಲಿ ಹಿಡಿದರೆ 50. ಅಲ್ಲಿಗೆ 155. 249 ಅಂತ ಬೆಲೆ ಇಡೋಣ ಅಂದುಕೊಂಡಿದ್ದೇನೆ.

ನಿಬ್ಬು, ಶಿವಮೊಗ್ಗ

249 ಸಾಲುವುದಿಲ್ಲ. ಒಡೆದದ್ದು, ಕಳೆದದ್ದು, ತಪ್ಪು ವಿಳಾಸಕ್ಕೆ ಹೋಗಿ ವಾಪಸ್ ಬಂದದ್ದು, ಬಣ್ಣ ಬಿಟ್ಟು ಎಸೆದ ದಾರ, ಫೋಟೋ ತೆಗೆದ ಮಧ್ಯಾಹ್ನ, ಪ್ರಶ್ನೆಗಳಿಗೆ ಉತ್ತರ ಬರೆದ ರಾತ್ರಿ, ಇದೆಲ್ಲ ಯಾವ ಲೆಕ್ಕದಲ್ಲಿದೆ? 349 ಇಡಿ. ಅಂಚೆ ಖರ್ಚು ಬೇರೆ.

ಬಂದ ಮೇಲೆ ದುಡ್ಡು ಕೊಡುವ ವ್ಯವಸ್ಥೆ ಮಾತ್ರ ಇಡಬೇಡಿ. ಮೊದಲ ವರ್ಷ ನಾನು ಇಟ್ಟಿದ್ದೆ. ಬಾಗಿಲಿಗೆ ಹೋದ ಪಾರ್ಸಲನ್ನು ಬೇಡ ಅಂತ ವಾಪಸ್ ಕಳಿಸಿದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೇ. ಯುಪಿಐ ಇರುವಾಗ ಮೊದಲೇ ಪಾವತಿ ಕೇಳುವುದರಲ್ಲಿ ಸಂಕೋಚ ಬೇಡ.

ಪೊಟ್ಟಣ ಚಪ್ಪಟೆಯಾಗಿ ಇರಲಿ. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. 30, 20, 10ರ ಡಬ್ಬಿಯಲ್ಲಿ 150 ಗ್ರಾಂ ಇಟ್ಟು ಕಳಿಸಿದರೂ ಅವರ ಲೆಕ್ಕದಲ್ಲಿ ಅದು 1.2 ಕೆ.ಜಿ. ನಿಮ್ಮದು ಬಟ್ಟೆ, ಮಡಚಿದರೆ ಪುಸ್ತಕದಷ್ಟು ತೆಳ್ಳಗಾಗುತ್ತೆ. ನನ್ನ ಶಾಯಿ ಬಾಟಲಿಗೆ ಆ ಭಾಗ್ಯ ಇಲ್ಲ.

ಲೆಕ್ಕಪತ್ರ, ಬೆಂಗಳೂರು

ತೆರಿಗೆ ಕೆಲಸ ಮಾಡುವವನು ನಾನು. ಯಾರೂ ಜಿಎಸ್‌ಟಿ ಬಗ್ಗೆ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಕರ್ನಾಟಕದೊಳಗೆ ಮಾತ್ರ ಸರಕು ಮಾರಿದರೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಎಲ್ಲರಿಗೂ ಇದು ಗೊತ್ತು. ಆದರೆ ಹೊರರಾಜ್ಯಕ್ಕೆ ಒಂದೇ ಒಂದು ಪಾರ್ಸಲ್ ಕಳಿಸಿದರೂ, ವಹಿವಾಟು ಎಷ್ಟೇ ಕಡಿಮೆ ಇದ್ದರೂ, ನೋಂದಣಿ ಬೇಕು. ಪುಣೆಯ ಗಿರಾಕಿಗೆ 349ರ ಕಿಟ್ ಕಳಿಸುವ ಮುಂಚೆಯೇ ಬೇಕು.

ಕರಕುಶಲ ವಸ್ತುಗಳಿಗೆ ಒಂದು ವಿನಾಯಿತಿ ಇದೆ. ಕೈಯಿಂದ ಕಸೂತಿ ಹಾಕಿದ ದುಪಟ್ಟಾಗೆ ಅದು ಅನ್ವಯಿಸಬಹುದು. ಆದರೆ ಅದಕ್ಕೆ ಪ್ಯಾನ್ ಬೇಕು. ಬೆಲೆ ಎಷ್ಟೇ ಸಣ್ಣದಿರಲಿ, ರಾಜ್ಯ ದಾಟುವಾಗ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಚೀಟಿ) ಬೇಕು. ಇನ್ನು ಕಿಟ್ ಅಂದರೆ ಕಸೂತಿ ಹಾಕದ ಬಟ್ಟೆ, ದಾರ, ಸೂಜಿ. ನಾಲ್ಕು ಹೊಲಿಗೆ ಇದೆ ಅಂದ ಮಾತ್ರಕ್ಕೆ ಅದನ್ನು ಕರಕುಶಲ ವಸ್ತು ಅಂತ ನಂಬಿ ಕೂರಬೇಡಿ.

2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ನೋಂದಣಿ ಇಲ್ಲದೆಯೂ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ವಹಿವಾಟಿನ ಮೇಲೆ ಶೇಕಡಾ ಇಂತಿಷ್ಟು ಅಂತ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್‌ನಲ್ಲಿ ಸೇರಿದರೆ ತೆರಿಗೆ ಕೆಲಸ ಸುಲಭ, ಹೊರರಾಜ್ಯಕ್ಕೆ ಮಾತ್ರ ಕಳಿಸುವಂತಿಲ್ಲ. ನನ್ನ ಸಲಹೆ ಏನಂದರೆ, ಮೊದಲ ಆರು ತಿಂಗಳು ಕರ್ನಾಟಕದೊಳಗೇ ಮಾರಿ. ಬೇಡಿಕೆ ಇದೆ ಅಂತ ಖಾತ್ರಿಯಾದ ಮೇಲೆ ನೋಂದಣಿ ಮಾಡಿಸಿ ಹೊರಗೆ ಹೋಗಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾತ್ರ ಈಗಲೇ ಮಾಡಿಸಿ, ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಪೊಟ್ಟಣದ ಮೇಲೆ ಚೀಟಿ ಅಂಟಿಸುವುದನ್ನೂ ಮರೆಯಬೇಡಿ. ಮೊದಲೇ ಕಟ್ಟಿಟ್ಟು ಮಾರುವ ಸಾಮಾನಿಗೆ ಕಟ್ಟಿದವರ ಹೆಸರು, ವಿಳಾಸ, ಒಳಗೆ ಏನೇನು ಎಷ್ಟೆಷ್ಟಿದೆ, ಯಾವ ತಿಂಗಳು ಯಾವ ವರ್ಷ ತಯಾರಾದದ್ದು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ಮತ್ತು ಇಮೇಲ್, ಇಷ್ಟೂ ಇರಬೇಕು.

ಗಾವಂತಿ, ಧಾರವಾಡ

ಸರ್, ಹೊರರಾಜ್ಯದ ವಿಷಯ ನನಗೆ ಗೊತ್ತೇ ಇರಲಿಲ್ಲ. ಎರಡು ದುಪಟ್ಟಾ ಕೊಲ್ಲಾಪುರಕ್ಕೆ ಕಳಿಸಿದ್ದೇನೆ. ನಾಳೆಯೇ ನಮ್ಮ ಊರಿನ ಲೆಕ್ಕಪರಿಶೋಧಕರ ಹತ್ತಿರ ಹೋಗಿ ಕೇಳುತ್ತೇನೆ. ತುಂಬಾ ಉಪಕಾರ ಆಯಿತು.

ಡಲ್ಲಾಸ್‌ನಿಂದ

ನಾನು ಗಿರಾಕಿಯಾಗಿ ಬರೆಯುತ್ತಿದ್ದೇನೆ. ಬೆಳೆದದ್ದು ಗದಗ. ನಮ್ಮಜ್ಜಿಯ ಕಸೂತಿ ಸೀರೆ ಒಂದು ನನ್ನ ಹತ್ತಿರ ಇದೆ. ಪ್ರತಿ ಸಲ ಕಪಾಟು ತೆಗೆದಾಗ ಅದರ ಅಂಚು ಮುಟ್ಟಿ ನೋಡುತ್ತೇನೆ. ಮಗಳು ಕ್ರಾಸ್ ಸ್ಟಿಚ್ ಹಾಕುತ್ತಾಳೆ, ಇಲ್ಲಿ ಇಂಚಿಗೆ 14 ಚೌಕದ ಐಡಾ ಬಟ್ಟೆ ಎಲ್ಲ ಕಡೆ ಸಿಗುತ್ತೆ. ಸಿಗದೇ ಇರುವುದು ಅಜ್ಜಿಯ ಸೀರೆಯಲ್ಲಿರುವ ತೇರಿನ ಗ್ರಾಫ್. ಯಾವ ಕಡೆಯಿಂದ ಹೋಗಿ ಯಾವ ಕಡೆಯಿಂದ ವಾಪಸ್ ಬರಬೇಕು ಅಂತ ಹೇಳಿಕೊಡುವವರೂ ಇಲ್ಲ.

2025ರ ಆಗಸ್ಟ್ 29ರಿಂದ ಅಮೆರಿಕ ಸಣ್ಣ ಪಾರ್ಸಲ್‌ಗಳಿಗಿದ್ದ 800 ಡಾಲರಿನ ಸುಂಕ ವಿನಾಯಿತಿ ತೆಗೆದುಹಾಕಿದೆ. 349 ರೂಪಾಯಿಯ ಕಿಟ್ ಇಲ್ಲಿ ತಲುಪುವಷ್ಟರಲ್ಲಿ ಬೆಲೆ ಎಲ್ಲಿಗೋ ಹೋಗುತ್ತೆ. ಹಾಗಾಗಿ ನಮ್ಮಂಥವರಿಗೆ ಗ್ರಾಫ್ ಮತ್ತು ವಿಡಿಯೊ ಮಾತ್ರ ಮಾರಿ. ಬಟ್ಟೆ, ದಾರ ನಾವೇ ತಗೊಳ್ಳುತ್ತೇವೆ. ನಾನಂತೂ ಖಂಡಿತ ಕೊಳ್ಳುತ್ತೇನೆ. ಕನ್ನಡದಲ್ಲೇ ಹೇಳಿಕೊಡಿ, ಮಗಳ ಕಿವಿಗೂ ಬೀಳಲಿ.

ಸೂಜಿದಾರ, ಮೈಸೂರು

ಇದು ಬಹಳ ಒಳ್ಳೆ ಯೋಚನೆ. ಗ್ರಾಫ್‌ಗೆ ಸ್ಟಾಕ್ ಇಲ್ಲ, ಲಾಟ್ ಇಲ್ಲ, ಬಣ್ಣ ಬಿಡುವ ಕಾಟವೂ ಇಲ್ಲ. ವಿಡಿಯೊದಲ್ಲಿ ಬಟ್ಟೆಯ ಹಿಂಬದಿ ತೋರಿಸಿ ಅಕ್ಕ. ಮಷಿನ್ ಹಾಕಿದ್ದರ ಹಿಂದೆ ಕೆಳದಾರ ಕಾಣುತ್ತೆ, ನಿಮ್ಮದರಲ್ಲಿ ಎರಡೂ ಕಡೆ ಒಂದೇ. ಮಾತೇ ಬೇಡ, ಇಪ್ಪತ್ತು ಸೆಕೆಂಡ್ ತಿರುಗಿಸಿ ತೋರಿಸಿದರೆ ಸಾಕು.

ಹಳೇ ಚಂದ್ರಕಾಳಿ, ಹುಬ್ಬಳ್ಳಿ

ಗದಗಿನ ಹುಡುಗಿ ಬರೆದದ್ದು ಓದಿ ಮನಸ್ಸು ಕರಗಿತು. ನಮ್ಮಲ್ಲಿ ಗ್ರಾಫ್ ಅಂತ ಇರಲಿಲ್ಲ. ಒಬ್ಬರ ಸೀರೆ ನೋಡಿ ಇನ್ನೊಬ್ಬರು ಎಣಿಸಿಕೊಳ್ಳುತ್ತಿದ್ದೆವು. ಸೀರೆ ಹರಿದು ಹೋದರೆ ಆ ಚಿತ್ತಾರವೂ ಹೋಯಿತು. ಹಾಗೆ ಹೋದವು ನನಗೆ ನೆನಪಿರುವಂತೆಯೇ ಎಷ್ಟೋ ಇವೆ. ಗ್ರಾಫ್ ಬರೆದಿಡುವುದು ಒಳ್ಳೆ ಕೆಲಸ, ಅದಕ್ಕೆ ನನ್ನ ಒಪ್ಪಿಗೆ ಇದೆ. ಹುಡುಗಿಯರಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತೇನೆ ಅಂದೆಯಲ್ಲ, ಅದನ್ನು ನಡೆಸಿಕೊಂಡು ಹೋಗು.

ಆದರೆ ನೀನು ಇಲ್ಲಿ ಹಾಕಿದ ತುಳಸಿಕಟ್ಟೆಯ ಗ್ರಾಫ್ ಫೋಟೋದಲ್ಲಿ ತಪ್ಪಿದೆ. ಎಡಗಡೆ ಮೆಟ್ಟಿಲಿನ ಹತ್ತಿರ ಒಂದು ಕವಲು ಒಡೆಯುತ್ತೆ ನೋಡು. ನೀನು ಬಾಣ ಹಾಕಿದ ದಾರಿಯಲ್ಲಿ ಹೋದರೆ ಆ ಕವಲು ಆಚೆಗೇ ಉಳಿದುಬಿಡುತ್ತೆ. ಆಮೇಲೆ ಅಲ್ಲಿಗೆ ಹೋಗಬೇಕು ಅಂದರೆ ಹಿಂದಿನಿಂದ ದಾರ ಹಾರಿಸಬೇಕು. ಹಾರಿಸಿದರೆ ಹಿಂಬದಿ ಕೆಟ್ಟಿತು, ಅದು ಗಾವಂತಿ ಅಲ್ಲವೇ ಅಲ್ಲ. ಮೆಟ್ಟಿಲು ಹತ್ತುವ ಮುಂಚೆ ಕವಲಿಗೆ ಹೋಗಿ, ಅದನ್ನು ಪೂರ್ತಿ ಮುಗಿಸಿ, ಬಂದ ದಾರಿಯಲ್ಲೇ ವಾಪಸ್ ಬಂದು ಆಮೇಲೆ ಹತ್ತಬೇಕು.

ಗಾವಂತಿ, ಧಾರವಾಡ

ಅಮ್ಮಾರ, ಈಗಷ್ಟೇ ಹಾಕಿ ನೋಡಿದೆ. ನೀವು ಹೇಳಿದ್ದೇ ಸರಿ. ನಾನು ಹಾಕುವಾಗ ಕೈ ತಾನಾಗಿ ಕವಲಿಗೆ ಹೋಗುತ್ತಿತ್ತು, ಬರೆಯುವಾಗ ಮಾತ್ರ ಬಿಟ್ಟುಹೋಗಿದೆ. ಮುದ್ರಣಕ್ಕೆ ಕೊಡುವವಳಿದ್ದೆ ಅಂತ ನೆನೆದು ಮೈ ನಡುಗಿತು. ಇನ್ನೂ ಕೊಟ್ಟಿಲ್ಲ, ನಿಲ್ಲಿಸಿದ್ದೇನೆ.

ಲೆಕ್ಕಪರಿಶೋಧಕರ ಹತ್ತಿರ ಹೋಗಿ ಬಂದೆ. ಸದ್ಯಕ್ಕೆ ಕರ್ನಾಟಕದೊಳಗೆ ಮಾತ್ರ. ಬೆಲೆ 349. ಮೊದಲ ಸಲಕ್ಕೆ ಹತ್ತೇ ಕಿಟ್, ಒಂದೇ ಚಿತ್ತಾರ, ಒಂದೇ ಲಾಟ್‌ನ ದಾರ. ಬ್ಲೌಸ್ ಆರ್ಡರ್ ತಿಂಗಳಿಗೆ ಒಂದೇ, ಅದೂ 4,500ಕ್ಕಿಂತ ಕಡಿಮೆ ಇಲ್ಲ ಅಂತ ಪುಟದ ಮೇಲೆ ಬರೆದು ಹಾಕಿದೆ. ಮೂವರು ಬೇಡ ಅಂದರು. ಒಬ್ಬರು ಮುಂಗಡ ಕಳಿಸಿದ್ದಾರೆ.

ಡಲ್ಲಾಸ್‌ನ ಅಕ್ಕ, ನಿಮ್ಮ ಅಜ್ಜಿಯ ಸೀರೆಯ ತೇರಿನ ಫೋಟೋ ಕಳಿಸುತ್ತೀರಾ? ಹಗಲ ಬೆಳಕಲ್ಲಿ, ಹತ್ತಿರದಿಂದ, ಮುಂದೆ ಹಿಂದೆ ಎರಡೂ ಕಡೆ ಬೇಕು. ಎಣಿಸಿ ಗ್ರಾಫ್ ಬರೆದುಕೊಡುತ್ತೇನೆ. ಇದಕ್ಕೆ ದುಡ್ಡು ಬೇಡ.

ಅಮ್ಮಾರ, ಬುಧವಾರ ಹುಬ್ಬಳ್ಳಿಗೆ ಬರುವ ಕೆಲಸ ಇದೆ. ತಿದ್ದಿದ ಗ್ರಾಫ್ ತಂದು ತೋರಿಸಲಾ? ಮನೆಯಲ್ಲಿ ಇರುತ್ತೀರಾ?

ಹಳೇ ಚಂದ್ರಕಾಳಿ, ಹುಬ್ಬಳ್ಳಿ

ಇರ್ತೀನಿ, ಬಾ. ಮಧ್ಯಾಹ್ನ ಊಟಕ್ಕೇ ಬಾ. ಟ್ರಂಕಿನಲ್ಲಿ ನಮ್ಮವ್ವನ ಎರಡು ಸೀರೆ ಇವೆ, ಒಂದರ ಸೆರಗು ಅರ್ಧ ಹೋಗಿದೆ. ಉಳಿದಿರುವ ಅರ್ಧದಲ್ಲಿ ಪಲ್ಲಕ್ಕಿ ಒಂದಿದೆ. ಗ್ರಾಫ್ ಹಾಳೆ ಜಾಸ್ತಿ ತಗೊಂಡು ಬಾ.